ಯಾವ ಕೆಲಸಕ್ಕೆ ಯಾವ ಬಿದಿರು?

ಬಿದಿರು ನೆಡಲು ಮುಂದಾಗಿರುವ ಮಲೆನಾಡು, ಕರಾವಳಿ ಮತ್ತು ಬಯಲುಸೀಮೆಯ ರೈತ ಬಾಂಧವರಿಗೆ ಒಂದು ಬಹಿರಂಗ ಪತ್ರ

ಬಿದಿರು ಮರವಲ್ಲ, ಹುಲ್ಲು. ಭತ್ತ, ರಾಗಿ, ಜೋಳ, ಕಬ್ಬುಗಳಿರುವ ಕುಟುಂಬಕ್ಕೇ ಅದೂ ಸೇರಿದೆ. ಭಾರತದಲ್ಲಿ ಬಿದಿರಿನ 136 ಜಾತಿಗಳಿವೆ ಎಂಬುದು ರಾಷ್ಟ್ರೀಯ ಬಿದಿರು ಮಿಷನ್ನಿನ ಲೆಕ್ಕ. ಅವುಗಳಲ್ಲಿ 125 ಇಲ್ಲಿಯವೇ, ಉಳಿದ 11 ಹೊರದೇಶಗಳಿಂದ ಬಂದವು. ಸಸಿ ಮಾರುವ ಕಡೆ ಮಾತ್ರ ಬಹಳ ಸಲ ಇವೆಲ್ಲಕ್ಕೂ ಒಂದೇ ಹೆಸರು: ಬಿದಿರು ಸಸಿ. ಮೊಣಕಾಲುದ್ದದ ಸಸಿಯನ್ನು ನೋಡಿ ಅದು ಮುಂದೆ ಗಟ್ಟಿ ಗಳವಾಗುತ್ತದೋ ಟೊಳ್ಳು ಓಟೆಯಾಗುತ್ತದೋ ಹೇಳುವುದು ಪಳಗಿದವರಿಗೂ ಕಷ್ಟ. ಬುಟ್ಟಿಗೆ ಒದಗುವ ಬಿದಿರು ಏಣಿಗೆ ಆಗದು, ಊದುಬತ್ತಿ ಕಡ್ಡಿಗೆ ಬೇಕಾದದ್ದು ಕಂಬಕ್ಕೆ ಬೇಕಾಗಿಲ್ಲ. ನೆಟ್ಟ ಮೇಲೆ ನಾಲ್ಕೈದು ವರ್ಷ ಕಾಯಿಸಿ, ಆಮೇಲೆ ಹಲವು ದಶಕ ಅದೇ ಜಾಗದಲ್ಲಿ ನಿಲ್ಲುವ ಬೆಳೆ ಇದು. ಜಾತಿ ತಪ್ಪಿದರೆ ಕೀಳಲು ಜೆಸಿಬಿಯನ್ನೇ ಕರೆಸಬೇಕು. ಹಾಗಾಗಿ ಮೊದಲು ಕೊಳ್ಳುವವರು ಯಾರೆಂದು ಗೊತ್ತುಮಾಡಿಕೊಂಡು, ಅವರ ಕೆಲಸಕ್ಕೆ ಬೇಕಾದ ಜಾತಿಯನ್ನು ಹುಡುಕಿ, ಕೊನೆಗೆ ಸಸಿಯ ಬಳಿ ಹೋಗುವುದು ಸರಿಯಾದ ಕ್ರಮ. ಈಗ ಹೆಚ್ಚಿನ ಕಡೆ ನಡೆಯುತ್ತಿರುವುದು ಇದಕ್ಕೆ ತಿರುವುಮುರುವು.

ಜಾತಿಗಳ ವ್ಯತ್ಯಾಸ ತಿಳಿಯಬೇಕಾದರೆ ಬಿದಿರು ಬೆಳೆಯುವ ರೀತಿ ಗೊತ್ತಿರಬೇಕು. ನೆಲದೊಳಗೆ ಗೆಡ್ಡೆ ಇರುತ್ತದೆ. ಮುಂಗಾರು ಹಿಡಿದ ಮೇಲೆ ಗೆಡ್ಡೆಯ ಮೊಗ್ಗು ಕಳಲೆಯಾಗಿ ಏಳುತ್ತದೆ. ಆ ಕಳಲೆ ಎಷ್ಟು ದಪ್ಪವಾಗಿ ನೆಲ ಬಿಡುತ್ತದೋ ಬೊಂಬು ಕೊನೆಯವರೆಗೂ ಅಷ್ಟೇ ದಪ್ಪ. ಎರಡರಿಂದ ನಾಲ್ಕು ತಿಂಗಳಲ್ಲಿ ಅದು ಪೂರ್ತಿ ಎತ್ತರಕ್ಕೆ ಹೋಗಿಬಿಡುತ್ತದೆ. ಮರದ ಕಾಂಡವನ್ನು ವರ್ಷ ವರ್ಷ ದಪ್ಪ ಮಾಡುವ ಪದರ ಬಿದಿರಿನಲ್ಲಿ ಇಲ್ಲವೇ ಇಲ್ಲ. ಮುಂದಿನ ಎರಡು ಮೂರು ವರ್ಷ ಆಗುವುದು ಬಲಿಯುವ ಕೆಲಸ ಮಾತ್ರ. ಹೊಸ ತೋಟದ ಮೊದಲ ಬೊಂಬುಗಳು ಬೆರಳು ಗಾತ್ರದಲ್ಲಿದ್ದರೆ ಗಾಬರಿಯಾಗಬೇಕಿಲ್ಲ. ಗೆಡ್ಡೆ ಬಲಿತಂತೆ ಪ್ರತಿ ಮಳೆಗಾಲದ ಕಳಲೆ ಹಿಂದಿನದಕ್ಕಿಂತ ದಪ್ಪವಾಗಿ ಬರುತ್ತದೆ.

ಗೆಡ್ಡೆಯಲ್ಲೂ ಎರಡು ಬಗೆ. ಚೀನಾದ ಮೋಸೊ ಬಿದಿರಿನ ಗೆಡ್ಡೆ ನೆಲದಡಿಯಲ್ಲಿ ಉದ್ದಕ್ಕೆ ಹರಿದು, ಬುಡದಿಂದ ದೂರದಲ್ಲೆಲ್ಲೋ ಮೊಳೆಯುತ್ತದೆ. ಕರ್ನಾಟಕದಲ್ಲಿ ಬೆಳೆಯುವ ಜಾತಿಗಳ ಗೆಡ್ಡೆ ಗಿಡ್ಡ, ಅವು ಒತ್ತಟ್ಟಿಗೆ ಮೆಳೆಯಾಗಿಯೇ ಬೆಳೆಯುತ್ತವೆ. ಬಿದಿರು ಹಾಕಿದರೆ ಇಡೀ ಹೊಲವನ್ನೇ ನುಂಗುತ್ತದೆ ಎಂಬ ಹೆದರಿಕೆಗೆ ಇಲ್ಲಿ ಆಧಾರವಿಲ್ಲ. ಪಕ್ಕದ ಸಾಲಿನ ಬೆಳೆಗೆ ನೆರಳು ಮತ್ತು ಬೇರಿನ ಕಾಟ ಇರುವುದು ನಿಜ. ಬೇರು ಬಹುಪಾಲು ನೆಲದ ಮೇಲ್ಪದರದಲ್ಲೇ ಹರಡುವುದರಿಂದ ಬದುವಿನುದ್ದಕ್ಕೆ ಎರಡಡಿ ಆಳದ ಕಾಲುವೆ ತೋಡಿದರೆ ಅದನ್ನು ಮಟ್ಟಹಾಕಬಹುದು.

ಕಾನೂನಿನ ತೊಡಕು ಈಗ ಮೊದಲಿನಷ್ಟಿಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನೂ ಮರಗಳ ಪಟ್ಟಿಗೆ ಸೇರಿಸಿತ್ತು. ಸ್ವಂತ ಜಮೀನಿನ ಬೊಂಬು ಕಡಿದು ಸಾಗಿಸಲೂ ಅದರಿಂದಾಗಿ ಪರವಾನಗಿಯ ಗೋಜು ಅಂಟಿಕೊಂಡಿತ್ತು. 2017ರ ನವೆಂಬರ್‌ನಲ್ಲಿ ಸುಗ್ರೀವಾಜ್ಞೆ, ಅದರ ಹಿಂದೆಯೇ ತಿದ್ದುಪಡಿ ಕಾಯ್ದೆ ಬಂದು, ಅರಣ್ಯದ ಹೊರಗೆ ಬೆಳೆದ ಬಿದಿರು ಆ ಪಟ್ಟಿಯಿಂದ ಹೊರಬಿತ್ತು. ಹುಲ್ಲನ್ನು ಮರವೆಂದು ಕರೆದ ಕಾನೂನು 90 ವರ್ಷ ನಡೆಯಿತು ಎಂಬುದು ಸಸ್ಯಶಾಸ್ತ್ರದ ಪಾಠಕ್ಕಿಂತ ಆಡಳಿತದ ಪಾಠಕ್ಕೆ ಹೆಚ್ಚು ಒಗ್ಗುತ್ತದೆ. ಕಾಡಿನೊಳಗಿನ ಬಿದಿರಿನ ದಾರಿ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆ ಅದನ್ನು ಕಿರು ಅರಣ್ಯ ಉತ್ಪನ್ನವೆಂದು ಎಣಿಸಿ, ಹಕ್ಕನ್ನು ಅರಣ್ಯವಾಸಿ ಸಮುದಾಯಗಳಿಗೆ ಕೊಟ್ಟಿದೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ ಲೇಖಾ ಗ್ರಾಮಸಭೆ 2011ರಲ್ಲಿ ಈ ಹಕ್ಕಿನಡಿ ತಾನೇ ಬಿದಿರು ಮಾರಿ ಹೆಸರಾಯಿತು.

ಇನ್ನು ಜಾತಿಗಳು. ಕನ್ನಡಿಗರು ಬಿದಿರು ಎಂದಾಗ ಕಣ್ಣೆದುರು ಬರುವುದು ಹೆಬ್ಬಿದಿರು, ಅಂದರೆ ಮುಳ್ಳುಬಿದಿರು. ಸಸ್ಯಶಾಸ್ತ್ರದಲ್ಲಿ ಬಾಂಬುಸಾ ಬಾಂಬೋಸ್. ಹೊಳೆದಂಡೆಯಲ್ಲಿ, ತೇವವಿರುವ ಎಲೆಯುದುರುವ ಕಾಡಿನಲ್ಲಿ ಇದು 25-30 ಮೀಟರ್ ಎತ್ತರಕ್ಕೂ ಹೋಗುತ್ತದೆ. ಬುಡದ ಬೊಂಬು ಒಂದು ಗೇಣಿನ ಹತ್ತಿರ ದಪ್ಪ, ಟೊಳ್ಳು ಚಿಕ್ಕದು, ಸುತ್ತಿನ ಗೋಡೆ ದಪ್ಪ. ಕಂಬ, ಏಣಿ, ಚಪ್ಪರ, ಸಾರುವೆ, ತೆಪ್ಪ, ಕಾಗದದ ತಿರುಳು ಎಲ್ಲಕ್ಕೂ ಒದಗುತ್ತದೆ. ಮಲೆನಾಡು, ಕೊಡಗಿನಲ್ಲಿ ಕಾಳುಮೆಣಸು ಕೊಯ್ಯಲು ಬಳಸುತ್ತಿದ್ದ ಒಂಟಿಗಳದ ಏಣಿ ಬಿದಿರಿನ ಗುಣವನ್ನು ಚೆನ್ನಾಗಿ ತೋರಿಸುತ್ತದೆ. ಒಂದೇ ಉದ್ದ ಬೊಂಬು. ಪ್ರತಿ ಗಿಣ್ಣಿನಲ್ಲಿ ಕಾಲ ಹೆಬ್ಬೆರಳು ಊರುವಷ್ಟು ಕೊಂಬೆಯ ಮೋಟು. ಮರಕ್ಕೆ ಒರಗಿಸಿದರೆ ಆಯಿತು, ಹೆಗಲ ಮೇಲೆ ಹೊತ್ತು ಒಬ್ಬನೇ ಮರದಿಂದ ಮರಕ್ಕೆ ಸಾಗಬಹುದು. ಅಲ್ಯೂಮಿನಿಯಂ ಏಣಿ ಬಂದ ಮೇಲೆ ಅದು ಹಿತ್ತಿಲಿನ ಮೂಲೆ ಸೇರಿದೆ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಆಗುವ ಸಾವುಗಳನ್ನು ನೆನೆದರೆ ಹಳೆಯದೇ ವಾಸಿ ಅನ್ನಿಸುವುದೂ ಉಂಟು.

ಹೆಬ್ಬಿದಿರಿನ ಕಷ್ಟ ಅದರ ಮುಳ್ಳು. ಬುಡದ ಗಿಣ್ಣುಗಳಿಂದ ಹೊರಡುವ ಕೊಂಬೆಗಳು ನೆಲಕ್ಕೆ ಬಾಗಿ, ಒಂದರೊಳಗೊಂದು ಹೆಣೆದುಕೊಂಡು ಮೆಳೆಯ ಸುತ್ತ ಬೇಲಿ ಕಟ್ಟುತ್ತವೆ. ಕೊಕ್ಕೆಯಂತೆ ಬಾಗಿದ ಮುಳ್ಳುಗಳು ಬಟ್ಟೆಯನ್ನೂ ಚರ್ಮವನ್ನೂ ಬಿಡುವುದಿಲ್ಲ. ಕಡಿಯಲು ಬರುವವನು ಮೊದಲು ಈ ಬೇಲಿಯನ್ನು ಸವರಿ ದಾರಿ ಮಾಡಿಕೊಳ್ಳಬೇಕು. ಉತ್ತರ ಕನ್ನಡದ ಕಾಡುಗಳಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗಾಗಿ ಬಿದಿರು ಕಡಿಯತೊಡಗಿದಾಗ ಆದದ್ದೂ ಇದೇ. 1950ರ ದಶಕದಲ್ಲಿ ಆ ಕಾರ್ಖಾನೆ ಬಂದಾಗ ಬಿದಿರು ಮುಗಿಯದ ಸಂಪತ್ತೆಂದು ಲೆಕ್ಕಹಾಕಲಾಗಿತ್ತು. 1970ರ ದಶಕದ ಹೊತ್ತಿಗೆ ಬಿದಿರು ಸಿಗುತ್ತಿಲ್ಲವೆಂದು ಮೇದರು ದೂರತೊಡಗಿದ್ದರು. ಮೆಳೆ ಶುಚಿಯಾದರೆ ಕಳಲೆಗೆ ಅನುಕೂಲ ಎಂಬುದು ಅರಣ್ಯ ಇಲಾಖೆಯ ನಂಬಿಕೆಯಾಗಿತ್ತು. ಪರಿಸರ ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತು ಎಸ್. ಎನ್. ಪ್ರಸಾದ್ ಅಲ್ಲಿನ ಮೆಳೆಗಳನ್ನು ವರ್ಷಗಟ್ಟಲೆ ನೋಡಿ ಕಂಡುಕೊಂಡದ್ದು ಇದಕ್ಕೆ ವಿರುದ್ಧವಾಗಿತ್ತು. ಮುಳ್ಳು ಸವರಿದ ಮೆಳೆಯಲ್ಲಿ ಎಳೆ ಕಳಲೆ ದನ, ಮುಸುವ, ಮುಳ್ಳುಹಂದಿಗಳ ಬಾಯಿಗೆ ಬಿದ್ದು ಬೊಂಬಾಗುವ ಮೊದಲೇ ಮುಗಿಯುತ್ತಿತ್ತು. ಮುಳ್ಳು ಉಳಿದ ಮೆಳೆಯಲ್ಲಿ ಬದುಕುತ್ತಿತ್ತು. ಸುತ್ತಲಿನ ಹಳ್ಳಿಯವರಿಗೆ ಇದು ಮೊದಲೇ ಗೊತ್ತಿದ್ದ ಸಂಗತಿ. ಹೆಬ್ಬಿದಿರು ನೆಡುವವರಿಗೆ ಇದರಲ್ಲಿ ನೇರ ಸೂಚನೆಯಿದೆ. ಬೇಲಿ ಗಟ್ಟಿಯಿದ್ದು ದನ ಕಾಡುಹಂದಿ ಬಾರದ ಜಾಗದಲ್ಲಿ ಮಾತ್ರ ಬುಡದ ಮುಳ್ಳು ಸವರಬೇಕು. ಅದೂ ಒಂದು ಬದಿಯಲ್ಲಿ ಒಳಹೋಗುವಷ್ಟು ಮಾತ್ರ. ಉಳಿದದ್ದು ಕಳಲೆಯ ಕಾವಲಿಗೆ ಇರಲಿ.

ಇನ್ನೊಂದು ಮಾತು: ಆನೆಗೆ ಬಿದಿರು ಬಹಳ ಇಷ್ಟ. ಕಾಡಂಚಿನ ಊರುಗಳಲ್ಲಿ, ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ ಸುತ್ತಮುತ್ತ, ಮನೆಗೆ ಹತ್ತಿರ ಬಿದಿರು ತೋಪು ಮಾಡುವುದೆಂದರೆ ಆನೆಗೆ ಎಲೆ ಹಾಕಿ ಬಡಿಸಿದಂತೆ.

ಒಣನಾಡಿನ ಬಿದಿರು ಎಂದರೆ ಕಿರುಬಿದಿರು, ಡೆಂಡ್ರೋಕಲಾಮಸ್ ಸ್ಟ್ರಿಕ್ಟಸ್. ಕಡಿಮೆ ಮಳೆ, ಕಲ್ಲುಮಿಶ್ರಿತ ಇಳಿಜಾರು, ಬಿರುಬೇಸಗೆ ಯಾವುದಕ್ಕೂ ಇದು ಅಂಜುವುದಿಲ್ಲ. ಒಣ ಜಾಗದಲ್ಲಿ ಬೆಳೆದದ್ದು ಬಹುತೇಕ ಟೊಳ್ಳಿಲ್ಲದೆ ಗಟ್ಟಿಯಾಗಿರುತ್ತದೆ. ನೀರು ನೆಲ ಎರಡೂ ಚೆನ್ನಾಗಿದ್ದರೆ ಗಾತ್ರ ಹೆಚ್ಚಿ ಟೊಳ್ಳೂ ಬರುತ್ತದೆ. ಪೊಲೀಸರ ಲಾಠಿ, ಗುದ್ದಲಿ ಕಾವು, ಗಾಡಿಯ ಗೂಟ, ಡೇರೆಯ ಕೋಲು ಇದರವು. ಕಾಗದಕ್ಕೂ ಬಹಳ ಹೋಗಿದೆ. ಇದರ ಗಳ ಅಷ್ಟು ನೇರವಿಲ್ಲ, ಮೆಳೆ ಒತ್ತಾಗಿ ಹೆಣೆದುಕೊಂಡಿರುತ್ತದೆ. ನೀರಾವರಿ ಇಲ್ಲದ ಬಯಲುಸೀಮೆಯ ರೈತರಿಗೆ ಬೇರೆ ಜಾತಿಯ ಆಸೆ ತೋರಿಸುವುದಕ್ಕಿಂತ ಇದನ್ನೇ ಹೇಳುವುದು ಪ್ರಾಮಾಣಿಕ.

ಇಷ್ಟರಲ್ಲಿ ಸಣ್ಣ ರೈತರಿಗೆ ಎಲ್ಲಕ್ಕಿಂತ ಒಗ್ಗುವ ಜಾತಿ ಯಾವುದೆಂದು ಕೇಳಿದರೆ ಉತ್ತರ ಡೆಂಡ್ರೋಕಲಾಮಸ್ ಸ್ಟಾಕ್ಸಿ. ಕರ್ನಾಟಕದಲ್ಲಿ ಇದನ್ನು ಮರಿಹಾಳ ಬಿದಿರು, ಸೀಮೆ ಬಿದಿರು ಎನ್ನುತ್ತಾರೆ, ಸಿಂಧುದುರ್ಗದ ಕಡೆ ಮಾಣಗಾ. ಉತ್ತರ ಕೇರಳದಿಂದ ಕೊಂಕಣದವರೆಗಿನ ಪಶ್ಚಿಮ ಕರಾವಳಿ ಮತ್ತು ಘಟ್ಟದ ಅಂಚು ಇದರ ನಾಡು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಬೆಳಗಾವಿಯ ಘಟ್ಟದ ಕಡೆ ಮನೆಯ ಹಿತ್ತಿಲು, ತೋಟದ ಬೇಲಿಗಳಲ್ಲಿ ಕಾಣುತ್ತದೆ. ಮುಳ್ಳಿಲ್ಲ. ಎತ್ತರ ಸುಮಾರು 9-10 ಮೀಟರ್, ದಪ್ಪ ಒಂದರಿಂದ ಒಂದೂವರೆ ಇಂಚು. ಒಳಗೆ ಗಟ್ಟಿ, ಟೊಳ್ಳು ಇಲ್ಲವೆನ್ನುವಷ್ಟು ಕಡಿಮೆ. ಮೆಳೆ ಬಿಡಿಬಿಡಿಯಾಗಿರುವುದರಿಂದ ನಡುವಿನ ಗಳವನ್ನೂ ಸಲೀಸಾಗಿ ಕಡಿದು ಎಳೆಯಬಹುದು. ಹೆಬ್ಬಿದಿರಿನೊಳಗೆ ನುಗ್ಗಿ ಮೈ ಕೈ ಪರಚಿಕೊಂಡವರಿಗೆ ಈ ಒಂದು ಗುಣದ ಬೆಲೆ ಗೊತ್ತು. ಕುರ್ಚಿ, ಮೇಜು, ಸೋಫಾ, ಕೊಡೆಯ ಹಿಡಿ, ಮೀನಿನ ಗಾಳದ ಕೋಲು, ದೋಟಿ, ತರಕಾರಿ ಬಳ್ಳಿಗೆ ಆಸರೆ ಇವೆಲ್ಲಕ್ಕೂ ಇದಕ್ಕೆ ಬೇಡಿಕೆ. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಈ ಜಾತಿಯನ್ನು ಬೆಳೆಸುವ ಬಗ್ಗೆ ಸಾಕಷ್ಟು ಕೆಲಸ ಮಾಡಿದೆ. ಬೀಜ ಸಿಗುವುದು ಅಪರೂಪ. ಗೆಡ್ಡೆ ಅಥವಾ ಗಿಣ್ಣಿನ ತುಂಡಿನಿಂದಲೇ ಸಸಿ ಮಾಡಬೇಕು.

ನಿತ್ಯಹರಿದ್ವರ್ಣ ಕಾಡಿನ ಹಳ್ಳಗಳ ಬದಿಯಲ್ಲಿ ಬೆಳೆಯುವ ಓಟೆ ಅಥವಾ ವಾಟೆ ಬೇರೆಯೇ ಗುಂಪು. ಓಕ್ಲಾಂಡ್ರಾ ಎಂಬ ಕುಲಕ್ಕೆ ಸೇರಿದ ಇವು ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾಗೆ ಮೀಸಲು. ಗಳ ಸಣ್ಣದು, ಗೋಡೆ ತೆಳು, ಒಂದು ಗಿಣ್ಣಿನಿಂದ ಇನ್ನೊಂದಕ್ಕೆ ಅಂತರ ಬಹಳ ಉದ್ದ. ಭಾರ ಹೊರುವ ಕೆಲಸಕ್ಕೆ ಬಾರದು. ಚಾಪೆ, ತಟ್ಟಿ, ತಡಿಕೆ, ಬುಟ್ಟಿ, ಕೊಳಲು ಇವಕ್ಕೆ ಮಾತ್ರ ಅದರಂಥದ್ದು ಇನ್ನೊಂದಿಲ್ಲ. ಕೇರಳದಲ್ಲಿ ಈಟ್ಟ ಎಂದು ಕರೆಯುವ ಇದನ್ನು ನಂಬಿ ಚಾಪೆ ಹೆಣೆಯುವ ಕುಟುಂಬಗಳು ಬಹಳ. ಅಂಗಮಾಲಿಯಲ್ಲಿರುವ ಅಲ್ಲಿನ ಸರ್ಕಾರಿ ಬಿದಿರು ನಿಗಮ ಹುಟ್ಟಿದ್ದೂ ಅವರಿಗಾಗಿಯೇ. ಓಟೆ ತೋಟದ ಬೆಳೆಯಲ್ಲ. ನೆರಳು, ತೇವ, ಹಳ್ಳದ ದಂಡೆ ಇರುವವರು ಮಣ್ಣು ಕೊಚ್ಚಿಹೋಗದಂತೆ ದಡ ಹಿಡಿಯಲು ನೆಟ್ಟರೆ ಚೆನ್ನ.

ಕೊಡಗಿನ ಕಾಫಿ ತೋಟಗಳಲ್ಲಿ ಬರ್ಮಾ ಬಿದಿರು ಎಂಬುದಿದೆ, ಡೆಂಡ್ರೋಕಲಾಮಸ್ ಬ್ರಾಂಡಿಸೈ. ಹೆಸರೇ ಹೇಳುವಂತೆ ಬರ್ಮಾ ಕಡೆಯಿಂದ ಬಂದದ್ದು, ಈಗ ಊರಿನದೇ ಆಗಿದೆ. ಮುಳ್ಳಿಲ್ಲ, ಗಾತ್ರದಲ್ಲಿ ಹೆಬ್ಬಿದಿರಿಗೆ ಸಮ, ಗಳ ನೇರ, ಕಳಲೆ ತಿನ್ನಲು ಚೆನ್ನ. ಮಳೆ ಚೆನ್ನಾಗಿದ್ದು, ನೆಲದಲ್ಲಿ ಗೊಬ್ಬರಾಂಶವಿದ್ದು, ದೊಡ್ಡ ಬೊಂಬಿನ ಮಾರುಕಟ್ಟೆ ಹತ್ತಿರವಿದ್ದರೆ ಮುಳ್ಳುಬಿದಿರಿನ ಬದಲು ಇದನ್ನು ಆರಿಸುವುದರಲ್ಲಿ ಜಾಣತನವಿದೆ.

ಈಚಿನ ವರ್ಷಗಳಲ್ಲಿ ಅತಿ ಹೆಚ್ಚು ಪ್ರಚಾರ ಸಿಕ್ಕಿರುವುದು ಭೀಮಾ ಬಿದಿರಿಗೆ. ಅದು ಹೊಸ ಜಾತಿಯೇನಲ್ಲ. ಅಸ್ಸಾಂ, ಬಂಗಾಳಗಳಲ್ಲಿ ಮನೆಯ ಕಂಬಕ್ಕೆ ತಲೆತಲಾಂತರದಿಂದ ಬಳಸುವ ಬಾಂಬುಸಾ ಬಾಲ್ಕೂವಾದಿಂದ ಆರಿಸಿ, ಅಂಗಾಂಶ ಕೃಷಿಯಲ್ಲಿ ಬೆಳೆಸಿದ ತಳಿ. ಗೋಡೆ ದಪ್ಪ, ತೂಕ ಹೆಚ್ಚು, ನೀರು ಕೊಟ್ಟರೆ ಬೆಳವಣಿಗೆ ಭರ್ಜರಿ. ಬಾಲ್ಕೂವಾ ಹೂ ಬಿಟ್ಟರೂ ಬೀಜ ಕಟ್ಟುವುದಿಲ್ಲ, ಹಾಗಾಗಿ ಬಾಲ್ಕೂವಾ ಬೀಜ ಎಂದು ಯಾರಾದರೂ ಮಾರಲು ಬಂದರೆ ಅದು ಬೇರೆ ಯಾವುದೋ ಬೀಜ. ಎಕರೆಗೆ ಇಷ್ಟು ಟನ್, ಇಷ್ಟು ಲಕ್ಷ ಎಂಬ ಜಾಹೀರಾತಿನ ಲೆಕ್ಕಗಳು ಹನಿ ನೀರಾವರಿ, ಗೊಬ್ಬರ, ಒತ್ತು ನಾಟಿ ಎಲ್ಲ ಸೇರಿದ ತೋಟದ ಲೆಕ್ಕಗಳು. ಮಳೆಯಾಶ್ರಿತ ಹೊಲಕ್ಕೆ ಅವು ಹೊಂದುವುದಿಲ್ಲ. ಆ ತೂಕವನ್ನು ಉರುವಲಾಗಿಯೋ ತಿರುಳಾಗಿಯೋ ಕೊಳ್ಳುವ ಕಾರ್ಖಾನೆ ಲಾರಿ ಬಾಡಿಗೆ ಗಿಟ್ಟುವಷ್ಟು ಹತ್ತಿರದಲ್ಲಿ ಇಲ್ಲದಿದ್ದರೆ ಟನ್ನುಗಳಿಂದ ಏನೂ ಪ್ರಯೋಜನವಿಲ್ಲ.

ಶಾಲೆ, ಪಾರ್ಕು, ಕಚೇರಿಗಳ ಮುಂದೆ ಕಾಣುವ ಹಸಿರು ಗೆರೆಯ ಹಳದಿ ಬಿದಿರು ಬಾಂಬುಸಾ ವಲ್ಗ್ಯಾರಿಸ್. ಒಂದು ತುಂಡು ನೆಟ್ಟರೆ ಚಿಗುರುತ್ತದೆ, ನೋಡಲು ಚೆಂದ. ಪಿಷ್ಟ ಹೆಚ್ಚಿರುವುದರಿಂದ ಕುಟ್ಟೆ ಹುಳ ಬೇಗ ಹಿಡಿಯುತ್ತದೆ. ಅಂದಕ್ಕೆ ಸರಿ, ಆದಾಯಕ್ಕಲ್ಲ.

ಬಳಕೆಯ ಕಡೆಯಿಂದ ನೋಡಿದರೆ ಜಾತಿಯ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಮೇದರ ಕೈಯಲ್ಲಿ ಬಿದಿರು ಸೀಳುವುದನ್ನು ಹತ್ತಿರದಿಂದ ನೋಡಬೇಕು. ಗಳದ ತುದಿಗೆ ಕತ್ತಿಯ ಬಾಯಿ ಇಟ್ಟು ಒಂದು ಪೆಟ್ಟು ಕೊಡುತ್ತಾರೆ. ಬಿರುಕು ಬಿಟ್ಟೊಡನೆ ಕತ್ತಿಯನ್ನು ಸ್ವಲ್ಪ ತಿರುಚಿದರೆ ಸೀಳು ನಾರಿನ ಜಾಡು ಹಿಡಿದು ತಾನೇ ಮುಂದೆ ಓಡುತ್ತದೆ. ಗಿಣ್ಣು ಬಂದಾಗ ತಡೆಯುತ್ತದೆ, ಅಲ್ಲಿ ಮತ್ತೊಂದು ಪೆಟ್ಟು. ಹಾಗೆ ಬಂದ ದಬ್ಬೆಯನ್ನು ಮತ್ತೆ ಪದರವಾಗಿ ಬಿಡಿಸುತ್ತಾರೆ. ಹೊರಮೈಯ ಹಸಿರು ಪದರ ಗಟ್ಟಿ, ಬಾಗಿದರೂ ಮುರಿಯದು, ಅದು ಬುಟ್ಟಿಯ ಕಂಠಕ್ಕೆ. ಒಳಗಿನ ಬಿಳಿ ಪದರ ಮೆತ್ತಗಿರುತ್ತದೆ, ಅದು ನಡುವಿನ ಹೆಣಿಗೆಗೆ. ಗಿಣ್ಣು ದೂರವಿದ್ದಷ್ಟೂ ಕೆಲಸ ಹಗುರ. ಬಲಿತ ಬೊಂಬು ಸೀಳುವಾಗ ಸಿಬಿರೇಳುತ್ತದೆ, ಹಾಗಾಗಿ ಒಂದೆರಡು ವರ್ಷದ ಹಸಿ ಬೊಂಬನ್ನೇ ಅವರು ಕೇಳುವುದು. ಮೊರ, ಬುಟ್ಟಿ, ಕುಕ್ಕೆ, ಕಣಜ, ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆ, ಗೌರಿ ಹಬ್ಬದ ಬಾಗಿನದ ಮೊರ ಎಲ್ಲ ಈ ಹಸಿ ದಬ್ಬೆಯಿಂದ ಬಂದವು. ಹನ್ನೆರಡನೆಯ ಶತಮಾನದ ವಚನಕಾರ ಮೇದರ ಕೇತಯ್ಯನ ಕಾಯಕವೂ ಇದೇ. ಪ್ಲಾಸ್ಟಿಕ್ ಬಂದು ಕಣಜ, ಕುಕ್ಕೆಗಳ ಕಾಲ ಮುಗಿದರೂ ಗೌರಿ ಹಬ್ಬದ ಮುಂಚಿನ ವಾರಗಳಲ್ಲಿ ಮೊರದ ಬೇಡಿಕೆ ಈಗಲೂ ಜೋರು. ಹತ್ತಿರದ ಪೇಟೆಯಲ್ಲಿ ಮೇದರ ಕೇರಿಯಿದ್ದರೆ ಆ ಕೇರಿಯೇ ಮೊದಲ ಗಿರಾಕಿ. ಕಾಡಿನ ಬಿದಿರು ಕೈಗೆಟುಕದೆ ಕಸುಬು ಬಿಟ್ಟವರು ಅಲ್ಲಿ ಬಹಳ ಮಂದಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಬಿದಿರಿನ ಬದಲು ಲಂಟಾನದ ಕಡ್ಡಿಯಿಂದ ಬುಟ್ಟಿ, ಕುರ್ಚಿ ಮಾಡಲು ಕಲಿತದ್ದಕ್ಕೂ ಇದೇ ಕಾರಣ.

ಊದುಬತ್ತಿ ಕಡ್ಡಿಯ ಕಥೆ ಬೇರೆ. ಬೆಂಗಳೂರು, ಮೈಸೂರು ಊದುಬತ್ತಿಗೆ ಹೆಸರಾದರೂ ಕಡ್ಡಿ ಮಾತ್ರ ತ್ರಿಪುರಾ, ಅಸ್ಸಾಂಗಳಿಂದ, ಆಮೇಲೆ ಚೀನಾ, ವಿಯೆಟ್ನಾಂಗಳಿಂದ ಬರುತ್ತಿತ್ತು. 2019ರಲ್ಲಿ ಊದುಬತ್ತಿ ಆಮದಿಗೆ ನಿರ್ಬಂಧ ಬಂತು, 2020ರಲ್ಲಿ ಬಿದಿರು ಕಡ್ಡಿಯ ಆಮದು ಸುಂಕ ಶೇಕಡಾ 10ರಿಂದ 25ಕ್ಕೆ ಏರಿತು. ಅಂದಿನಿಂದ ಇಲ್ಲೂ ಕಡ್ಡಿ ಮಾಡಬಹುದೆಂಬ ಮಾತು ಕೇಳುತ್ತಿದೆ. ಕಡ್ಡಿಯಲ್ಲಿ ಗಿಣ್ಣು ಇರಬಾರದು, ನಾರು ನೇರವಿರಬೇಕು. ಈಶಾನ್ಯದ ಬಾಂಬುಸಾ ಟುಲ್ಡಾದಲ್ಲಿ ಗಿಣ್ಣುಗಳ ನಡುವಿನ ಅಂತರ ಒಂದೂವರೆ ಅಡಿಗೂ ಮೀರುವುದರಿಂದ ಅದು ಈ ಕೆಲಸಕ್ಕೆ ಹೇಳಿಮಾಡಿಸಿದ ಜಾತಿ. ಇಲ್ಲಿನ ಕಿರುಬಿದಿರು ಅಲ್ಲ. ಕಡ್ಡಿ ಮಾಡುವಾಗ ಬೊಂಬಿನ ಬಹುಪಾಲು ಪುಡಿ, ಚೂರು, ಗಿಣ್ಣು ಆಗಿ ಉಳಿಯುತ್ತದೆ. ಅದನ್ನು ಇದ್ದಿಲಿಗೋ ಉರುವಲಿಗೋ ಕೊಳ್ಳುವವರಿಲ್ಲದೆ ಕಡ್ಡಿಯೊಂದರಿಂದ ಘಟಕ ನಡೆಯುವುದಿಲ್ಲ.

ಅಡುಗೆಮನೆಗೆ ಬರುವುದು ಕಳಲೆ, ಕರಾವಳಿಯ ಕಣಿಲೆ, ಕೊಡವರ ಬೈಂಬಳೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿರುವುದರಿಂದ ಹಾಗೇ ತಿನ್ನುವಂತಿಲ್ಲ. ಸಣ್ಣಗೆ ಹೆಚ್ಚಿ, ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿ ಬಳಸುವ ಹಳೆಯ ಪದ್ಧತಿ ವಿಷವನ್ನೂ ಕಹಿಯನ್ನೂ ಒಟ್ಟಿಗೇ ತೆಗೆಯುತ್ತದೆ. ತುಳುನಾಡಿನಲ್ಲಿ ಮೊಳಕೆ ಹೆಸರುಕಾಳಿನ ಜೊತೆ ಗಸಿ, ಮಲೆನಾಡಿನಲ್ಲಿ ಪಲ್ಯ, ಸಾರು, ಉಪ್ಪಿನಕಾಯಿ. ಮಾರಾಟಕ್ಕೆಂದೇ ಬೆಳೆಯುವುದಾದರೆ ಥಾಯ್ಲೆಂಡಿನಲ್ಲಿ ಕಳಲೆಗಾಗಿ ಬೆಳೆಯುವ ಡೆಂಡ್ರೋಕಲಾಮಸ್ ಆಸ್ಪರ್ ಅಥವಾ ಬರ್ಮಾ ಬಿದಿರು ಉತ್ತಮ. ಒಂದು ಕಳಲೆ ಮುರಿದರೆ ಒಂದು ಬೊಂಬು ಹೋಯಿತು ಎಂಬ ಲೆಕ್ಕ ಪೂರ್ತಿ ಸರಿಯಲ್ಲ. ಮಳೆಗಾಲದ ಕೊನೆಗೆ ಏಳುವ ಕಳಲೆಗಳಲ್ಲಿ ಹೆಚ್ಚಿನವು ಬೆಳೆಯದೆ ತಾವಾಗಿಯೇ ಸಾಯುತ್ತವೆ. ಅವನ್ನು ಅಡುಗೆಗೆ ತೆಗೆದರೆ ಮೆಳೆಗೆ ನಷ್ಟವಿಲ್ಲ. ಮೊದಲ ಮಳೆಯ ದಪ್ಪ ಕಳಲೆಯನ್ನು ಮಾತ್ರ ಮುಟ್ಟಬಾರದು.

ಕಟ್ಟಡಕ್ಕೆ ಬಿದಿರು ಎರಡು ರೂಪದಲ್ಲಿ ಹೋಗುತ್ತದೆ. ಇಡೀ ಬೊಂಬಾಗಿ ಹೋಗುವುದು ಹಳೆಯ ದಾರಿ. ಸೀಳಿ, ಹೆಣೆದು ಅಥವಾ ಅಂಟಿಸಿ ಹಲಗೆ ಮಾಡುವುದು ಹೊಸದು. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ, ಇಪಿರ್ಟಿ, ಬಿದಿರು ಚಾಪೆಗಳನ್ನು ಅಂಟು ಹಾಕಿ ಒತ್ತಿ ಹಲಗೆ ಮಾಡುವ, ಏರಿಳಿತದ ಮಾಡಿನ ಶೀಟು ಮಾಡುವ ವಿಧಾನ ರೂಪಿಸಿತು. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನ ಚಾವಣಿಯ ಒಳಮೈ ಇಂಥ ಸಂಸ್ಕರಿಸಿದ ಬಿದಿರಿನದು. ಬಿದಿರು ಬಡವರ ಮನೆಯ ಸಾಮಾನೆಂದು ಮೂಗೆಳೆಯುವವರಿಗೆ ತೋರಿಸಲು ಸರಿಯಾದ ಜಾಗ. ಹಲಗೆಗೆ ಗೋಡೆ ದಪ್ಪವಿರುವ ದೊಡ್ಡ ಜಾತಿಗಳು ಬೇಕು, ಚಾಪೆಗೆ ತೆಳುವಿನವು.

ಯಾವ ಜಾತಿಯಾದರೂ ಕಡಿಯುವ ವಯಸ್ಸು, ಕಾಲ ತಪ್ಪಿದರೆ ಬೆಲೆ ಇಲ್ಲ. ಕಂಬಕ್ಕೆ, ಪೀಠೋಪಕರಣಕ್ಕೆ ಮೂರು ವರ್ಷ ತುಂಬಿದ ಗಳವೇ ಆಗಬೇಕು. ವಯಸ್ಸು ಹೇಳುವುದು ಮೈಬಣ್ಣ. ಆ ವರ್ಷದ ಬೊಂಬಿನಲ್ಲಿ ಗಿಣ್ಣಿನ ಸುತ್ತ ಹಾಳೆ ಇನ್ನೂ ಅಂಟಿರುತ್ತದೆ, ಮೈಮೇಲೆ ಬಿಳಿ ಪುಡಿ ಇರುತ್ತದೆ. ಎರಡನೆಯ ವರ್ಷ ಮೈ ಸ್ವಚ್ಛ ಹಸಿರು. ಮೂರು ದಾಟಿದ ಮೇಲೆ ಹೊಳಪು ಹೋಗಿ, ಅಲ್ಲಲ್ಲಿ ಕಲ್ಲುಹೂವಿನ ಬೂದು ಕಲೆ ಮೂಡಿ, ಕತ್ತಿಯ ಹಿಂಬದಿಯಿಂದ ತಟ್ಟಿದರೆ ಗಟ್ಟಿ ಸದ್ದು ಬರುತ್ತದೆ. ಹಳೆಯ ಗಳಗಳು ಮೆಳೆಯ ನಡುವೆ, ಹೊಸವು ಸುತ್ತ ಅಂಚಿನಲ್ಲಿ ಇರುವುದರಿಂದ ಒಂದು ಬದಿಯಿಂದ ಒಳಹೊಕ್ಕು ಲಾಳದ ಆಕಾರದಲ್ಲಿ ಕಡಿಯುತ್ತ ಬರಬೇಕು. ನೆಲದ ಮೇಲಿನ ಮೊದಲ ಅಥವಾ ಎರಡನೆಯ ಗಿಣ್ಣಿನ ಮೇಲ್ಗಡೆ ಒತ್ತಿ ಕಡಿದರೆ ಮೋಟಿನಲ್ಲಿ ನೀರು ನಿಂತು ಕೊಳೆಯುವುದಿಲ್ಲ. ಮಳೆಗಾಲದಲ್ಲಿ ಕಡಿಯಲೇಬಾರದು.

ಬಿದಿರಿನ ದೊಡ್ಡ ವೈರಿ ಕುಟ್ಟೆ ಹುಳ. ಅದು ಬರುವುದು ಬೊಂಬಿನಲ್ಲಿರುವ ಪಿಷ್ಟಕ್ಕಾಗಿ. ಕಳಲೆ ಬೆಳೆಸಲು ಪಿಷ್ಟ ಖರ್ಚಾಗಿ, ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಕಡಿದರೆ ಕಾಟ ಕಡಿಮೆ. ಅಮಾವಾಸ್ಯೆಯ ಹೊತ್ತಿಗೆ ಕಡಿಯಬೇಕೆಂಬ ಮಾತು ಎಲ್ಲ ಊರಲ್ಲೂ ಇದೆ; ಪಕ್ಷದ ಮಾತು ಏನೇ ಇರಲಿ, ಋತುವಿನ ಮಾತು ಸತ್ಯ. ಕಡಿದ ಗಳವನ್ನು ಹರಿಯುವ ನೀರಿನಲ್ಲಿ ಕೆಲವು ವಾರ ಮುಳುಗಿಸಿಡುವುದು, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಹಾಕುವುದು ಹಳೆಯ ಉಪಾಯಗಳು. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ನೆನೆಸುವುದು ಈಗಿನದು, ಖರ್ಚು ಕಡಿಮೆ. ಮಣ್ಣಿಗೆ ನೇರ ತಾಗಿದ ಕಂಬ ಎಷ್ಟು ಸಂಸ್ಕರಿಸಿದರೂ ಬೇಗ ಗೆದ್ದಲಿನ ಪಾಲಾಗುತ್ತದೆ, ಬುಡಕ್ಕೆ ಕಲ್ಲೋ ಕಾಂಕ್ರೀಟೋ ಬೇಕೇ ಬೇಕು.

ನಾಟಿಯ ಅಂತರ ಗಾತ್ರಕ್ಕೆ ತಕ್ಕಂತೆ. ಹೆಬ್ಬಿದಿರಿಗೆ 6 ಮೀಟರ್‌ಗೆ ಒಂದರಂತೆ ಎಕರೆಗೆ ಸುಮಾರು 110 ಗಿಡ, 5 ಮೀಟರ್ ಅಂತರದಲ್ಲಿ 160, ಮರಿಹಾಳದಂಥ ಸಣ್ಣ ಜಾತಿಗೆ 4 ಮೀಟರ್ ಅಂತರದಲ್ಲಿ 250. ಇದಕ್ಕಿಂತ ಒತ್ತಾಗಿ ನೆಡಿಸುವವರು ಗಿಡ ಮಾರುವ ಲೆಕ್ಕದಲ್ಲಿ ಮಾತನಾಡುತ್ತಿರುತ್ತಾರೆ.

ಕೊನೆಯದಾಗಿ ಹೂವಿನ ವಿಷಯ. ಬಹುಪಾಲು ಬಿದಿರು ಜಾತಿಗಳು ಜೀವನದಲ್ಲಿ ಒಮ್ಮೆ ಹೂ ಬಿಟ್ಟು ಸಾಯುತ್ತವೆ. ಕಿರುಬಿದಿರು ಆಗಾಗ ಬಿಡಿಬಿಡಿಯಾಗಿ ಹೂ ಬಿಡುವುದುಂಟು. ಹೆಬ್ಬಿದಿರು 40-50 ವರ್ಷಕ್ಕೊಮ್ಮೆ, ಇಡೀ ಸೀಮೆಗೆ ಸೀಮೆಯೇ ಒಟ್ಟಾಗಿ ಬಿಡುತ್ತದೆ. 2010ರ ಆಸುಪಾಸಿನ ವರ್ಷಗಳಲ್ಲಿ ಬಂಡೀಪುರ, ನಾಗರಹೊಳೆ, ವಯನಾಡಿನ ಕಾಡುಗಳಲ್ಲಿ ಹೀಗಾಗಿ, ಒಣಗಿದ ಮೆಳೆಗಳು ಕಾಡ್ಗಿಚ್ಚಿನ ಭಯ ಹುಟ್ಟಿಸಿದವು. ಉದುರಿದ ಬಿದಿರಕ್ಕಿಯನ್ನು ಕಾಡಂಚಿನವರು ಗುಡಿಸಿ ತಂದು ಅನ್ನ ಮಾಡಿದರು. ಮಿಜೋರಾಂನಲ್ಲಿ ಮೆಲೊಕನ್ನಾ ಬ್ಯಾಸಿಫೆರಾ ಸುಮಾರು 48 ವರ್ಷಕ್ಕೊಮ್ಮೆ ಹೂ ಬಿಟ್ಟು, ಪೇರಳೆಯಂಥ ಕಾಯಿ ತಿಂದು ಇಲಿಗಳು ಹೆಚ್ಚಿ, ಕಾಯಿ ಮುಗಿದ ಮೇಲೆ ಭತ್ತಕ್ಕೆ ನುಗ್ಗುತ್ತವೆ. 1959ರ ಅಂಥ ಬರದಲ್ಲಿ ಪರಿಹಾರಕ್ಕೆಂದು ಹುಟ್ಟಿದ ಸಂಘಟನೆಯೇ ಮುಂದೆ ಮಿಜೋ ನ್ಯಾಷನಲ್ ಫ್ರಂಟ್ ಆಗಿ, 1966ರಲ್ಲಿ ಬಂಡಾಯವೆದ್ದಿತು. ಬಿದಿರು ಹೂ ಬಿಟ್ಟರೆ ಬರ ಎಂಬ ಮಾತು ಅಲ್ಲಿ ಅಕ್ಷರಶಃ ನಿಜವಾಯಿತು.

ತೋಟಕ್ಕೆ ಇದರಿಂದ ಬರುವ ಪ್ರಶ್ನೆ ಸರಳ: ಸಸಿಯ ವಯಸ್ಸೆಷ್ಟು? ಬೀಜದ ಸಸಿಯಾದರೆ ಅದರ ಕಾಲ ಮೊಳಕೆಯಿಂದ ಶುರು. ಗೆಡ್ಡೆ, ಗಿಣ್ಣು, ಅಂಗಾಂಶಗಳಿಂದ ಮಾಡಿದ ಸಸಿಗೆ ತಾಯಿಯ ವಯಸ್ಸೇ ವಯಸ್ಸು. 35 ವರ್ಷದ ಹೆಬ್ಬಿದಿರಿನ ಮೆಳೆಯಿಂದ ತಂದ ಗೆಡ್ಡೆ ನೆಟ್ಟ ಹತ್ತು ವರ್ಷಕ್ಕೇ ತಾಯಿಯೊಂದಿಗೆ ಹೂ ಬಿಟ್ಟು ಒಣಗಬಹುದು. ಆದ್ದರಿಂದ ಸಸಿ ಕೊಳ್ಳುವಾಗ ಜಾತಿಯ ಹೆಸರಿನ ಜೊತೆ ತಾಯಿ ಮೆಳೆ ಯಾವ ಊರಿನದು, ಎಷ್ಟು ವರ್ಷದ್ದು, ಬೀಜದ್ದಾದರೆ ಯಾವ ವರ್ಷದ ಹೂವಿನದು ಎಂಬುದನ್ನು ರಸೀದಿಯ ಮೇಲೇ ಬರೆಸಿಕೊಳ್ಳಬೇಕು. ಒಂದೇ ಮೂಲದ ಸಸಿಯಿಂದ ಇಡೀ ತೋಟ ತುಂಬಿಸದೆ ಎರಡು ಮೂರು ಕಡೆಯಿಂದ ತಂದರೆ ಎಲ್ಲವೂ ಒಮ್ಮೆಲೇ ಹೋಗುವ ಅಪಾಯ ತಗ್ಗುತ್ತದೆ. ಮೆಳೆಯಲ್ಲಿ ಹೂ ಕಂಡ ಮೇಲೆ ನೀರು ಗೊಬ್ಬರದಿಂದ ಅದನ್ನು ಉಳಿಸಿಕೊಳ್ಳಲಾಗದು. ಬಲಿತ ಗಳಗಳನ್ನು ಒಣಗಿ ಹಾಳಾಗುವ ಮುಂಚೆ ಕಡಿದು ಮಾರಿ, ನಡುವೆ ಕೆಲವನ್ನು ಬೀಜಕ್ಕೆ ಬಿಟ್ಟು, ಬುಡವನ್ನು ಗುಡಿಸಿ ಸಗಣಿ ಸಾರಿಸಿಟ್ಟರೆ ಬೀಜ ಕೂಡಿಹಾಕುವುದು ಸುಲಭ. ಆ ಬೀಜದ ಮೊಳಕೆ ಶಕ್ತಿ ಕೆಲವೇ ತಿಂಗಳದ್ದು, ಅದೇ ಮುಂಗಾರಿಗೆ ಸಸಿಮಡಿಗೆ ಬಿತ್ತಿಬಿಡಬೇಕು.